ತಿರುಗಿ ಬಂದವರ ಬುತ್ತಿ

ಶೋಕಸಭೆಯಲ್ಲಿ ನನಗೆ ಎರಡು ನಿಮಿಷ ಕೊಟ್ಟಿದ್ದರು. ಎದ್ದು ನಿಂತು, ಮೈಕು ಹಿಡಿದು, ತೀರಿಕೊಂಡ ಮಾಸ್ತರರ ಸಮಯಪಾಲನೆಯ ಬಗ್ಗೆ ಮಾತಾಡಿ ಕೂತೆ. ಮೂವತ್ತು ವರ್ಷದ ನೌಕರಿಯಲ್ಲಿ ಪ್ರಾರ್ಥನೆ ಮುಗಿಯುವ ಮೊದಲು ಶಾಲೆ ಮುಟ್ಟಿದ ದಾಖಲೆಯೇ ಇಲ್ಲದ ಮನುಷ್ಯ ಅವರು. ಹಳೆಯ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು, "ಏನ್ ಮಾತಾಡಿದ್ರಿ?" ಹೇಳಿದೆ.

"ಅಲ್ರೀ, ಆ ಮನಷ್ಯಾನ ಬಗ್ಗೆ ಹೇಳಾಕ ನಿಮಗ ಖರೇ ಮಾತ ಒಂದೂ ಸಿಗಲಿಲ್ಲನು?"

ಸಿಕ್ಕಿತ್ತು. ಆದರೆ ಆ ಖರೇ ಮಾತಿನಲ್ಲಿ ನನ್ನ ತಪ್ಪೊಂದು ಸೇರಿಕೊಂಡಿದೆ. ತಿಂಗಳಾಯಿತು, ನಿದ್ದೆ ಸರಿಯಿಲ್ಲ. ಮೊದಲೂ ಸರಿಯಿರಲಿಲ್ಲ ಅನ್ನಿ, ಆಗ ಕಾರಣ ಹುಡುಕಬೇಕಾಗುತ್ತಿತ್ತು.

ಅವರು ಇತಿಹಾಸ-ಭೂಗೋಳದ ಮಾಸ್ತರರು, ನಾನು ಗಣಿತದವನು. ಅಕ್ಕಲಕೋಟ ತಾಲೂಕಿನಲ್ಲಿ, ನಾಗಣಸೂರದ ಆಚೆ, ಗಡಿಗೆ ಒರಗಿಕೊಂಡ ಹಳ್ಳಿಯೊಂದರ ಕನ್ನಡ ಹೈಸ್ಕೂಲು ನಮ್ಮದು. ನಾನು ಸೊಲ್ಲಾಪುರದ ವಿಜಾಪುರ ರಸ್ತೆಯ ಮನೆಯಿಂದ ಹೊರಟು ಅಕ್ಕಲಕೋಟದವರೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಗುರುವಾರವಾದರೆ ಅಲ್ಲಿನ ಸ್ವಾಮಿಗಳ ದರ್ಶನಕ್ಕೆ ಹೊರಟ ಭಕ್ತರ ನಡುವೆ ಒಂಟಿಗಾಲಲ್ಲಿ ನಿಂತು ಬರುತ್ತಿದ್ದೆ. ಅಲ್ಲಿಂದ ಮುಂದೆ ಅವರ ಹಳೇ ಮೋಟರ್ ಸೈಕಲ್ಲಿನ ಹಿಂದಿನ ಸೀಟು. ಸೀಟಿನ ಮೇಲೆ ಮಡಚಿ ಹಾಕಿದ ಕರಿ ಕಂಬಳಿ. ಅವರಪ್ಪ ಕುರಿ ಕಾಯ್ದವರು, ಕಂಬಳಿಯೂ ಅಪ್ಪನದೇ. ದಾರಿಯಲ್ಲಿ ಎಲ್ಲಿ ಹಿಂಡು ಕಂಡರೂ ಗಾಡಿ ತಾನಾಗಿ ನಿಲ್ಲುತ್ತಿತ್ತು. "ಯಾವ ಕಡಿಂದ ಬಂದ್ರೆಪಾ? ಆ ಕಡಿ ನೀರದಾವನು?" ಎಂದು ಶುರುವಾದರೆ ಮುಗಿಯುವಂಥದ್ದಲ್ಲ. ನಾನು ಹಿಂದೆ ಕೂತು ಗಡಿಯಾರ ನೋಡುತ್ತಿದ್ದೆ.

"ತಮ್ಮಾ, ನೀ ನೋಡಿದ್ರ ಗಡಿಯಾರ ನಿಂದರ್ತದನು?"

"ಹೆಡ್‌ಮಾಸ್ತರ ಬೈತಾರ್ರಿ ಸರ್."

"ಬೈಲಿ ಬಿಡು. ಅವ್ರಿಗೂ ಮುಂಜಾನಿ ಏನರ ಕೆಲಸ ಬ್ಯಾಡನು?"

ಗಾಡಿಯ ಮೇಲೆ ಬಿಟ್ಟರೆ ಮಾಸ್ತರರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ಪಾಲಿನ ಕುರ್ಚಿ ಬೆತ್ತ ಸಡಿಲದೆ, ಬಣ್ಣ ಮಾಸದೆ, ಅಂಗಡಿಯಿಂದ ನಿನ್ನೆ ತಂದಂತಿತ್ತು. ಚಹಾ ಕುಡಿಯುವುದು ನಡೆಯುತ್ತಾ, ಉತ್ತರಪತ್ರಿಕೆ ತಿದ್ದುವುದು ಕಿಟಕಿಯ ಕಟ್ಟೆಗೆ ಕಾಗದ ಒತ್ತಿ. ನಮ್ಮೊಂದಿಗೆ ಮಾತಾಡುವಾಗಲೂ ಬಾಗಿಲಿಂದ ಕಪಾಟಿಗೆ, ಕಪಾಟಿನಿಂದ ಬಾಗಿಲಿಗೆ. ಹತ್ತು ನಿಮಿಷದಲ್ಲಿ ನಮ್ಮ ಕತ್ತು ನೋಯುತ್ತಿತ್ತು.

ಈ ಮನುಷ್ಯನಿಗೆ ಒಬ್ಬ ಪೋರ್ಚುಗೀಸ ನಾವಿಕನ ಮೇಲೆ ಜೀವ. ಬಾರ್ತೊಲೊಮ್ಯು ಡಯಾಸ್. ಪಠ್ಯಪುಸ್ತಕದಲ್ಲಿ ಅವನಿಗೆ ಅರ್ಧ ಸಾಲು: ಆಫ್ರಿಕದ ದಕ್ಷಿಣ ತುದಿಯನ್ನು ಮೊದಲು ಸುತ್ತಿದವನು. ಉಳಿದ ಒಂದೂವರೆ ಪುಟ, ಹತ್ತು ವರ್ಷದ ಮೇಲೆ ಅದೇ ದಾರಿ ಹಿಡಿದು ಕಲ್ಲಿಕೋಟೆಗೆ ಬಂದಿಳಿದ ಇನ್ನೊಬ್ಬನದು. ನಮ್ಮ ಮಾಸ್ತರರು ಆ ಒಂದೂವರೆ ಪುಟವನ್ನು ಹದಿನೈದು ನಿಮಿಷದಲ್ಲಿ ಮುಗಿಸಿ, ಅರ್ಧ ಸಾಲಿಗೆ ನಾಲ್ಕು ದಿನ ಹಚ್ಚುತ್ತಿದ್ದರು.

ಶಾಲೆಯ ಹಿಂದಿನ ಫರಸಿ ಕಲ್ಲುಗಳ ಮೇಲೆ ಸುಣ್ಣದಕಡ್ಡಿಯಿಂದ ಆಫ್ರಿಕ ಬರೆಯುವುದು. ಮಕ್ಕಳನ್ನು ಮೂರು ಹಡಗಾಗಿ ಕೂಡಿಸುವುದು. ಎರಡು ಹೋಗುವ ಹಡಗು, ಮೂರನೆಯದು ಬುತ್ತಿಯ ಹಡಗು. ಡಯಾಸ್ ತನ್ನ ಅಕ್ಕಿ-ಹಿಟ್ಟಿನ ಹಡಗನ್ನು ಒಂಬತ್ತು ಜನರ ಸಮೇತ ಅರ್ಧ ದಾರಿಯಲ್ಲೇ ಒಂದು ಕೊಲ್ಲಿಯಲ್ಲಿ ಬಿಟ್ಟು ಮುಂದೆ ಹೋದ. "ಯಾಕ ಬಿಟ್ಟ?" ಎಂದು ಕೇಳುತ್ತಿದ್ದರು. "ಹೋಗಾಕ ಅಲ್ಲ, ತಿರಿಗಿ ಬರಾಕ. ತಿರಿಗಿ ಬರಾಕ ಬುತ್ತಿ ಇಟ್ಟ ಹೋದಂವಾ ಶಾಣ್ಯಾ." ಆಮೇಲೆ ಬಿರುಗಾಳಿ. ಹದಿಮೂರು ದಿನ ನೆಲ ಕಾಣದೆ ಹಡಗು ದಕ್ಷಿಣಕ್ಕೆ ಕೊಚ್ಚಿಕೊಂಡು ಹೋಯಿತು. ಗಾಳಿ ಇಳಿದ ಮೇಲೆ ಪೂರ್ವಕ್ಕೆ ತಿರುಗಿಸಿದ, ನೆಲ ಸಿಗಲಿಲ್ಲ. ಉತ್ತರಕ್ಕೆ ತಿರುಗಿಸಿದ, ಸಿಕ್ಕಿತು. ಆದರೆ ಭೂಶಿರ ಅಷ್ಟರಲ್ಲಿ ಬೆನ್ನ ಹಿಂದೆ ಉಳಿದಿತ್ತು. ಯಾವುದಕ್ಕಾಗಿ ತಲೆಮಾರುಗಳು ಒದ್ದಾಡಿದ್ದವೋ ಅದನ್ನು ಅವನು ನೋಡದೆಯೇ ದಾಟಿಬಿಟ್ಟಿದ್ದ.

"ಆ ಹೊಸಾ ದಂಡಿ ಮ್ಯಾಲ ಅಂವಗ ಮೊದಲ ಕಂಡದ್ದ ಏನು? ಬಂಗಾರಲ್ಲ, ಮಸಾಲಿ ಅಲ್ಲ. ದನಾ ಕಾಯೂ ಮಂದಿ! ಹಡಗ ನೋಡಿದವ್ರ ದನಾ ಹೊಡಕೊಂಡ ಒಳಗ ಹ್ವಾದ್ರು. ಬರೋಬರ್ ಮಾಡಿದ್ರೋ ಇಲ್ಲೋ?"

"ಬರೋಬರ್ರೀ!" ಎಂದು ಕುರಿಗಾರರ ಮಕ್ಕಳು ಕೂಗುತ್ತಿದ್ದವು.

ತಗಡಿನ ಗೋಡೆಯ ಈಚೆ ನಾನು ಬೀಜಗಣಿತ ಕಲಿಸುತ್ತಿದ್ದೆ. ನನ್ನ ವರ್ಗದ ಮಕ್ಕಳ ಕಣ್ಣು ಹಲಗೆಯ ಮೇಲೆ, ಕಿವಿ ಆಚೆಯ ಸಮುದ್ರದಲ್ಲಿ. ಸಿಟ್ಟು ಬರುತ್ತಿತ್ತು. ಅದರ ತಳದಲ್ಲಿ ಹೊಟ್ಟೆಕಿಚ್ಚೂ ಇತ್ತು, ಈಗ ಹೇಳಲಡ್ಡಿಯಿಲ್ಲ. ನನ್ನ ಸಮೀಕರಣಗಳಿಗೆ ಇಪ್ಪತ್ತು ವರ್ಷದಲ್ಲಿ ಯಾರೂ "ಬರೋಬರ್ರೀ" ಎಂದು ಕೂಗಿರಲಿಲ್ಲ.

ತಮ್ಮ ನಾವಿಕನ ಹುಳುಕನ್ನೂ ಅವರು ಮುಚ್ಚಿಡುತ್ತಿರಲಿಲ್ಲ. ನೀರು ತುಂಬಿಕೊಳ್ಳಲು ಇಳಿದಾಗ ಅಲ್ಲಿನ ಜನ ಕಲ್ಲು ತೂರಿದ್ದು, ಡಯಾಸ್ ಬಾಣ ಬಿಟ್ಟು ಒಬ್ಬನನ್ನು ಕೊಂದದ್ದು, ಅದನ್ನು ಹೇಳುವಾಗ ಮಾತ್ರ ನಡಿಗೆ ನಿಲ್ಲುತ್ತಿತ್ತು. "ನೀರ ಅವ್ರದು. ಕೇಳಿ ತಗೋಬೇಕಿತ್ತು." ಅಷ್ಟೇ ಹೇಳಿ ಮುಂದಕ್ಕೆ.

ಮುಂದಿನದೇ ಅವರ ಪಾಠದ ತುದಿ. ಸುಸ್ತಾದ ನಾವಿಕರು ಇನ್ನು ಸಾಕು, ತಿರುಗೋಣ ಎಂದರು. ಡಯಾಸ್ ಅವರ ಮೇಲೆ ಕತ್ತಿ ಎತ್ತಲಿಲ್ಲ. ಎಲ್ಲರನ್ನೂ ಕೇಳಿದ, ಅವರ ಮಾತನ್ನು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿದ, ಇನ್ನೆರಡು ಮೂರು ದಿನ ಕೊಡಿ ಎಂದು ಬೇಡಿಕೊಂಡ. ಆ ದಿನಗಳು ತೀರಿದವು, ಒಂದು ನದಿಯ ಬಾಯಿಯವರೆಗೆ ಹೋಗಿ ಹಡಗು ತಿರುಗಿಸಿದ. ಇಲ್ಲಿಯವರೆಗೆ ಬಂದೆ ಎಂಬ ಗುರುತಿಗೆ ತಾನು ನೆಡಿಸಿದ ಕಲ್ಲಿನ ಕಂಬದೆದುರು, ಮಗನನ್ನು ದೂರದೂರಿಗೆ ಬಿಟ್ಟು ಹೋಗುವವನ ಹಾಗೆ ನಿಂತನಂತೆ. ಮಾಸ್ತರರ ಅಪ್ಪನೂ ಹಿಂಡು ಕದಲಿಸುವ ಮುನ್ನ ಅಂಗೈಯಲ್ಲಿ ಕುರಿಗಾರರ ದೇವರು ಬೀರೋಬಾನ ಅರಿಶಿಣ ಭಂಡಾರ ಹಿಡಿದು ಒಬ್ಬೊಬ್ಬರನ್ನೂ ಕೇಳುತ್ತಿದ್ದರಂತೆ: ಬರ್ತೀಯೋ, ತಿರಗತೀಯೋ? ತಿರುಗುತ್ತೇನೆ ಎಂದವನನ್ನು ಯಾರೂ ಹಂಗಿಸುವಂತಿರಲಿಲ್ಲ. "ನಮ್ಮಪ್ಪಗ ಈ ಡಯಾಸ್ ಗೊತ್ತಿರಲಿಲ್ಲ, ಡಯಾಸಗ ನಮ್ಮಪ್ಪ ಗೊತ್ತಿರಲಿಲ್ಲ," ಎಂದು ಗಲ್ಲ ತುರಿಸಿಕೊಳ್ಳುತ್ತಿದ್ದರು.

ಮಕ್ಕಳೂ ಸಹಿ ಹಾಕಬೇಕಾಗಿತ್ತು. ಒಕ್ಕಲುತನದ ಮನೆಗಳ ಹುಡುಗರು ಮುಂದೆ ಹೋಗೋಣ ಎನ್ನುತ್ತಿದ್ದರು, ಕುರಿಯವರ ಮಕ್ಕಳು ತಿರುಗೋಣ ಎಂದು. ಒಂಬತ್ತನೇ ವರ್ಗದ ಮಾಯಕ್ಕ ಎಂಬ ಹುಡುಗಿ ಎದ್ದು ನಿಂತು, "ನೀರು ಮುಂದ ಎಲ್ಲದ ಅಂತ ಗೊತ್ತಿಲ್ಲಂದ್ರ ಮಂದೀನ ಕರಕೊಂಡ ಹೋಗಬಾರದ್ರಿ ಸರ್," ಅಂದದ್ದು ಗೋಡೆಯ ಈಚೆಗೂ ಕೇಳಿಸಿತು. ಸಣ್ಣ ದನಿ, ಆದರೆ ಪಂಚಾಯ್ತಿಯ ಹಿರಿಯರ ಗತ್ತು.

ಇನ್ನು ಬುತ್ತಿಯ ಸಂಗತಿ. ದೀಪಾವಳಿಯಾದ ಮೇಲೆ ಕುರಿಯವರು ಹಿಂಡು ಹೊಡೆದುಕೊಂಡು ಹೊರಟರೆ ಮಳೆಗಾಲದ ಹೊತ್ತಿಗೆ ತಿರುಗಿ ಬರುವುದು. ಜೊತೆಗೆ ಮಕ್ಕಳೂ ಹೋಗುತ್ತವೆ. ಹಾಜರಿ ಪುಸ್ತಕದಲ್ಲಿ ನಾವು ಗೆರೆ ಎಳೆದು ಸುಮ್ಮನಾಗುತ್ತಿದ್ದೆವು. ಅವರು ಸುಮ್ಮನಾಗುತ್ತಿರಲಿಲ್ಲ. ಹೋದ ಒಂದೊಂದು ಮಗುವಿಗೂ ಒಂದೊಂದು ವಹಿ, ನೂರು ಪುಟದ್ದು. ಅದರಲ್ಲಿ ಅಷ್ಟೂ ತಿಂಗಳ ಪಾಠ ತಮ್ಮ ಕೈಯಾರೆ, ದುಂಡಗೆ, ಬೇರೆ ವಿಷಯದವರನ್ನೂ ಕಾಡಿ ಕೇಳಿ ಬರೆದು, ಮೇಲೆ ಹೆಸರು ಹಾಕಿ, ಬಟ್ಟೆಯಲ್ಲಿ ಕಟ್ಟಿ ಸ್ಟಾಫ್ ರೂಮಿನ ಕಪಾಟಿನಲ್ಲಿ ಇಡುವುದು. ಅದಕ್ಕೆ ಅವರು ಬುತ್ತಿ ಎನ್ನುತ್ತಿದ್ದರು.

"ಗಣಿತ ನೀ ಬರದ ಕೊಡು ತಮ್ಮಾ."

"ಗಣಿತ ಬರದ ಕೊಟ್ರ ತಿಳಿಯೂದಿಲ್ರಿ ಸರ್, ಹಲಗಿ ಮ್ಯಾಲೇ ಆಗಬೇಕು."

"ಬರದರ ನೋಡು."

"ಈ ವಾರ ಬರೀತೀನ್ರಿ."

ಇದು ಪ್ರತಿ ವರ್ಷದ ಸಂಭಾಷಣೆ. ಆ ವಾರ ಬರಲೇ ಇಲ್ಲ. ಬುತ್ತಿ ಒಯ್ಯಲು ಬರುವ ಮಕ್ಕಳೂ ಕಡಿಮೆ. ಕಪಾಟಿನಲ್ಲಿ ಗಂಟಿನ ಮೇಲೆ ಗಂಟು ಬೆಳೆಯಿತು. ಅವು ಹೀಗೇ ಬಿದ್ದಿರುತ್ತವಲ್ಲ ಎಂದು ನಾನೊಮ್ಮೆ ಅಂದಾಗ ಡಯಾಸನ ಬುತ್ತಿಯ ಹಡಗಿನ ಕತೆಯ ಕೊನೆ ಹೇಳಿದರು. ಒಂಬತ್ತು ತಿಂಗಳ ಮೇಲೆ ಅವನು ಅಲ್ಲಿಗೆ ತಿರುಗಿ ಬಂದಾಗ ಒಂಬತ್ತು ಜನರಲ್ಲಿ ಮೂವರೇ ಬದುಕಿದ್ದರು. ಅವರಲ್ಲೊಬ್ಬ ಕಾರಕೂನ. ರೋಗದಿಂದ ಹಣ್ಣಾಗಿದ್ದವನು, ತನ್ನವರನ್ನು ಕಂಡ ಸಂತೋಷಕ್ಕೇ ಜೀವ ಬಿಟ್ಟ. "ಕಾಯ್ದವ್ರದೂ ಒಂದ ಪ್ರಯಾಣನ ಅದ ತಮ್ಮಾ," ಎಂದರು. ಸಂತೋಷಕ್ಕೆ ಸಾಯಬಹುದು ಎಂಬ ಹೊಸ ಚಿಂತೆಯೊಂದು ಅಂದು ನನ್ನ ಪಟ್ಟಿಗೆ ಸೇರಿತು.

ಅವರ ನೌಕರಿಯ ಕೊನೆಯ ವರ್ಷ. ಮಾಯಕ್ಕ ಹತ್ತನೇ ವರ್ಗ. ತಾಯಿಗೆ ಮೈಯಲ್ಲಿ ಹುಷಾರಿರಲಿಲ್ಲ, ಅಡುಗೆಗೆ, ಮರಿಗಳ ಆರೈಕೆಗೆ ಹುಡುಗಿ ಬೇಕೆಂದು ಅಪ್ಪ ಅವಳನ್ನೂ ಹಿಂಡಿನೊಂದಿಗೆ ಕರೆದುಕೊಂಡು ಹೊರಟ. ಮಾಸ್ತರರು ಅವನಿಂದ ಒಂದು ಮಾತು ತೆಗೆದುಕೊಂಡರು: ಸಂಕ್ರಾಂತಿಗೆ ಅವಳನ್ನು ಕುಂಭಾರಿಯ ಅಜ್ಜಿಯ ಮನೆಗೆ ಕಳಿಸಬೇಕು, ಮಾರ್ಚಿನ ಬೋರ್ಡ್ ಪರೀಕ್ಷೆಗೆ ಅವಳು ಕೂರಬೇಕು. ಆ ಮಾತನ್ನು ಶಾಲೆಯಲ್ಲಿ ಅವರೊಬ್ಬರೇ ನಂಬಿದ್ದು. ಕೂತಳೋ ಹತ್ತನೆಯದು ಮುಗಿದೀತು, ಇಲ್ಲವಾದರೆ ಅವಳ ಓದು ಅಲ್ಲಿಗೇ ನಿಂತೀತು. ಇದರಲ್ಲಿ ನಡುವಿನ ದಾರಿ ಇರಲಿಲ್ಲ.

ಡಿಸೆಂಬರಿನಲ್ಲಿ ಅವರ ಎದೆಗೆ ಆಪರೇಶನ್ ಆಯಿತು, ಸೊಲ್ಲಾಪುರದಲ್ಲಿ. ಅದೇ ವಾರ ಶಾಲೆಗೆ ತಪಾಸಣೆ ಬರುತ್ತದೆ ಎಂದು ಸುದ್ದಿ. ಹೆಡ್‌ಮಾಸ್ತರರು ಸ್ಟಾಫ್ ರೂಮು ಸ್ವಚ್ಛ ಮಾಡಿಸುವ ಕೆಲಸ ನನಗೆ ವಹಿಸಿದರು. ನಾನು ಕಪಾಟು ತೆಗೆದೆ. ಕೆಳಗಿನ ಖಾನೆಗೆ ಗೆದ್ದಲು ಹತ್ತಿತ್ತು. ನನ್ನಂಥವನಿಗೆ ಒಂದು ಗೆದ್ದಲು ಸಾಕು. ಇಂದು ಕಪಾಟು, ನಾಳೆ ಹಾಜರಿ ಪುಸ್ತಕ, ನಾಡಿದ್ದು ಛಾವಣಿಯ ತೊಲೆ, ಆಮೇಲೆ ವಿಚಾರಣೆ, ನನ್ನ ಸಹಿ. ಗಂಟುಗಳನ್ನು ಬಿಚ್ಚಿಯೂ ನೋಡದೆ ಅಷ್ಟನ್ನೂ ರದ್ದಿಯವನ ಗಾಡಿಗೆ ಹಾಕಿಸಿದೆ. ತಪಾಸಣೆಯವರು ಬಂದರು, ಚಹಾ ಕುಡಿದರು, ಸ್ಟಾಫ್ ರೂಮಿನ ಕಡೆ ತಿರುಗಿಯೂ ನೋಡದೆ ಹೋದರು.

ಸಂಕ್ರಾಂತಿಯ ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಮಾಯಕ್ಕ ನಿಂತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು, ಎತ್ತರವೂ ಆಗಿದ್ದಳು.

"ಸರ್, ನನ್ನ ಬುತ್ತಿ ಕೊಡ್ರಿ."

ಖಾಲಿ ಕಪಾಟಿನ ಬಾಗಿಲು ತೆಗೆದು ಮತ್ತೆ ಹಾಕಿದೆ. "ನಾಳೆ," ಅಂದೆ.

ಸಂಜೆ ಅಕ್ಕಲಕೋಟದಲ್ಲಿ ಅವರ ಮನೆಗೆ ಹೋದೆ. ಡಾಕ್ಟರು ನಡೆಯಬೇಡಿ ಎಂದಿದ್ದರು. ಅವರು ಅಂಗಳದಲ್ಲಿ ನಡೆಯುತ್ತಿದ್ದರು. ನಾನು ಗೆದ್ದಲಿನಿಂದ ಶುರು ಮಾಡಿ, ತಪಾಸಣೆಗೆ ಬಂದು, ಹೆಡ್‌ಮಾಸ್ತರರನ್ನೂ ಸ್ವಲ್ಪ ಸೇರಿಸಿ, ಕೊನೆಗೆ ಹೇಳಿದೆ. ಅವರು ನಡೆಯುವುದನ್ನು ನಿಲ್ಲಿಸಿದರು. ಕಟ್ಟೆಯ ಹತ್ತಿರ ಹೋದರು. ಕೂತರು.

ಅವರು ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಬೈದಿದ್ದರೂ ಅಷ್ಟು ಹೆದರುತ್ತಿರಲಿಲ್ಲ.

"ಎಷ್ಟ ವಹಿ ಇದ್ವು?"

"ಮೂವತ್ತರ ಮ್ಯಾಲ ಇರಬೇಕ್ರಿ."

"ಬಂದವ್ರ ಎಷ್ಟ ಮಂದಿ?"

"ಒಬ್ಬಾಕಿ."

"ಹಂಗಾರ ಒಂದ ವಹಿ ಬರಿಯೂದು. ನನ್ನ ಕೈ ನಡಗತದ. ನಾ ಹೇಳ್ತೀನಿ, ನೀ ಬರಿ." ಎಂದವರು ಎದ್ದು ನಿಂತು ಮತ್ತೆ ನಡೆಯತೊಡಗಿದರು. ನನ್ನ ಜೀವ ಬಂತು.

ಅಂದಿನಿಂದ ಮೂರು ವಾರ, ಶಾಲೆ ಬಿಟ್ಟ ಮೇಲೆ ಅವರ ಅಂಗಳ. ಅವರು ತುಳಸಿಕಟ್ಟೆಯಿಂದ ಬಾಗಿಲಿಗೆ ನಡೆಯುತ್ತಾ ಹೇಳುವುದು, ನಾನು ಕಟ್ಟೆಯ ಮೇಲೆ ಬರೆಯುವುದು. ಇತಿಹಾಸ, ಭೂಗೋಳ, ಕನ್ನಡ, ವಿಜ್ಞಾನ. ನಡುವೆ ಒಂದು ಸಂಜೆ ಇಡೀ ಡಯಾಸ್.

"ಸರ್, ಇದು ಹತ್ತನೇದ್ರಾಗ ಇಲ್ರಿ. ಪರೀಕ್ಷಾಕ್ಕ ಬರೂದಿಲ್ಲ."

"ಗೊತ್ತದ. ಬರಿ."

"ಇರೂದ ಆರು ವಾರ್ರಿ..."

"ಎರಡ ತಿಂಗಳ ಮ್ಯಾಲ ಕುರಿ ಕಾಯ್ದು ತಿರಿಗಿ ಬಂದಾಳ ಆ ಹುಡಿಗಿ. ಬರೇ ಪರೀಕ್ಷಾಕ್ಕ ಬರೂದನ್ನ ಕೊಟ್ರ ಆಕಿಗೆ ಅವಮಾನ ಆಗ್ತದ. ಬರಿ."

ಬರೆದೆ. ಅವನ ಕೊನೆಯನ್ನೂ ಬರೆಸಿದರು. ಊರಿಗೆ ಮರಳಿದವನಿಗೆ ದೊಡ್ಡ ಸತ್ಕಾರವೇನೂ ಸಿಗಲಿಲ್ಲ. ಬಿರುಗಾಳಿಯ ಭೂಶಿರವೆಂದು ಅವನು ಕರೆದ ಜಾಗಕ್ಕೆ ರಾಜ ಶುಭ ಆಶಾ ಭೂಶಿರ ಎಂದು ಹೆಸರು ಬದಲಿಸಿದ. ಭಾರತಕ್ಕೆ ಹೋಗುವ ಹಡಗುಗಳನ್ನು ಕಟ್ಟಿಸುವ ಕೆಲಸ ಇವನಿಗೆ ಬಂತು, ನಾಯಕತ್ವ ಬೇರೆಯವನಿಗೆ ಹೋಯಿತು. ಇವನು ಸ್ವಲ್ಪ ದೂರ ಜೊತೆಗೆ ಹೋಗಿ ದಾರಿ ತೋರಿಸಿ ಬಿಟ್ಟುಕೊಟ್ಟ. ಕಡೆಗೊಮ್ಮೆ ಇನ್ನೊಬ್ಬರ ಪಡೆಯಲ್ಲಿ ಹೊರಟಾಗ, ಅದೇ ಭೂಶಿರದ ಸಮೀಪ ಬಿರುಗಾಳಿ ಅವನ ಹಡಗನ್ನು ನುಂಗಿತು. "ಇಷ್ಟ ಸಾಕು, ಅಳಸೂದು ಬ್ಯಾಡ," ಎಂದು ಅವರು ಮೂಗು ಒರೆಸಿಕೊಂಡರು.

ಕೊನೆಯ ದಿನ ವಹಿಯ ದಾರ ಬಿಗಿಯುತ್ತಾ ಕೇಳಿದರು, "ಗಣಿತ ನೀ ಬರದೀ ಹೌದಲ್ಲೋ?"

"ಬರೀತೀನ್ರಿ," ಅಂದೆ. ಇನ್ನು ತಿಂಗಳು ನನ್ನ ವರ್ಗದಲ್ಲೇ ಕೂರುತ್ತಾಳಲ್ಲ, ಹಲಗೆಯ ಮೇಲೆ ನೋಡಿ ಕಲಿಯುತ್ತಾಳೆ ಎಂದುಕೊಂಡೆ. ಮಾಯಕ್ಕ ಕೂತಳು. ನಾನು ಎಲ್ಲರಿಗೂ ಕಲಿಸಿದಂತೆ ಅವಳಿಗೂ ಕಲಿಸಿದೆ, ಅಂದರೆ ಹಲಗೆಗೆ ಕಲಿಸಿದೆ.

ನಿಕಾಲ, ಅಂದರೆ ಪರೀಕ್ಷೆಯ ಫಲಿತಾಂಶ, ಬಂದ ದಿನ ಮೊಬೈಲಿನಲ್ಲಿ ಅವಳ ನಂಬರು ಹಾಕಿ ನೋಡಿ ಅವರಿಗೆ ಫೋನು ಮಾಡಿದೆ. ಇತಿಹಾಸ-ಭೂಗೋಳದಲ್ಲಿ ಅರವತ್ತರ ಮೇಲೆ. ಕನ್ನಡ, ಮರಾಠಿ, ವಿಜ್ಞಾನ, ಇಂಗ್ಲಿಷು ಕೂಡ ಪಾಸು.

"ಎಲ್ಲಾದ್ರಾಗೂ ಪಾಸನು?"

"ಒಂದ ಬಿಟ್ಟ್ರಿ."

"ಯಾವ್ದು?"

ನನ್ನ ವಿಷಯದ ಹೆಸರು ಹೇಳಿದೆ. ಆ ಕಡೆಯಿಂದ ಅವರ ಚಪ್ಪಲಿಯ ಸಪ್ಪಳ ಕೇಳುತ್ತಲೇ ಇತ್ತು. "ಉಂಡಿಯನು?" ಎಂದು ಕೇಳಿ ಫೋನಿಟ್ಟರು. ನಾನು ಉಂಡಿರಲಿಲ್ಲ. ಆ ದಿನ ಉಣ್ಣಲೂ ಇಲ್ಲ.

ಜುಲೈಯಲ್ಲಿ ಮರುಪರೀಕ್ಷೆ. ಹಿಂಡು ತಿರುಗಿ ಬಂದು ಕುಂಭಾರಿಯ ಆಚೆ ಒಬ್ಬರ ಹೊಲದಲ್ಲಿ ಬೀಡು ಬಿಟ್ಟಿತ್ತು. ರವಿವಾರ ಬೆಳಿಗ್ಗೆ ಸ್ಕೂಟರ್ ಮೇಲೆ ಹೋದೆ. ಹೆಲ್ಮೆಟ್ಟು, ಮೋಡವಿಲ್ಲದಿದ್ದರೂ ರೇನ್‌ಕೋಟು, ನಾಯಿ ಕಚ್ಚೀತೆಂದು ದಪ್ಪ ಬೂಟು. ಮಾಯಕ್ಕನ ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬರ್ರಿ ಡಾಕ್ಟರ್ ಸಾಹೇಬ್ರ, ಲಸಿ ಹಾಕಾಕ ಬಂದ್ರನು? ಆ ಕುಂಟ ಕುರಿಂದ ಶುರು ಮಾಡ್ರಿ," ಅಂದ.

"ಯಪ್ಪಾ, ಅವ್ರ ಡಾಕ್ಟರ್ ಅಲ್ಲ," ಮಾಯಕ್ಕ ಮರಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. "ನಮ್ಮ ಗಣಿತ ಸರ್. ನನ್ನ ನಾಪಾಸ ಮಾಡಿದವ್ರು."

ಅಪ್ಪ ಕಂಬಳಿ ಹಾಸಿದ. ನಾನು ಬರೆದು ತಂದಿದ್ದ ವಹಿ ತೆಗೆದೆ. ಹದಿನೈದು ದಿನ ಕೂತು ಬರೆದದ್ದು, ಕೆಂಪು ಶಾಯಿಯಲ್ಲಿ ಸೂತ್ರ, ನೀಲಿಯಲ್ಲಿ ಉದಾಹರಣೆ. ಅವಳು ಮೊದಲನೇ ಪುಟದಲ್ಲೇ ಬೆರಳಿಟ್ಟಳು.

"ಈ ಕಡಿ ಕೂಡಿಸಿದ್ದ ಅಂಕಿ ಆ ಕಡಿ ಹ್ವಾದ್ರ ಕಳೀಬೇಕಾಗ್ತದ ಯಾಕ್ರಿ?"

"ನಿಯಮ ಹಂಗದ."

"ಅದ ಯಾಕ್ರಿ?"

ಇಷ್ಟು ವರ್ಷದಲ್ಲಿ ಇದನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ರೇನ್‌ಕೋಟಿನೊಳಗೆ ಬೆವರಿದೆ. ಅದನ್ನು ತೆಗೆದಿಟ್ಟೆ. ಎದುರಿಗೆ ಬಲೆಯ ಎರಡು ದೊಡ್ಡಿ ಕಂಡವು.

"ನೋಡವಾ, ಆ ದೊಡ್ಡ್ಯಾಗ ಎಷ್ಟ ಕುರಿ ಅದಾವೋ ಈ ದೊಡ್ಡ್ಯಾಗೂ ಅಷ್ಟೇ ಅದಾವ ಅಂತ ತಿಳಿ. ಆ ದೊಡ್ಡ್ಯಾಗಿಂದ ಐದ ತಗದ್ರ, ಎರಡೂ ಸಮ ಉಳಿಬೇಕಂದ್ರ ಏನ್ ಮಾಡಬೇಕು?"

"ಇದರಾಗಿಂದೂ ಐದ ತಗೀಬೇಕ್ರಿ."

"ಇಲ್ಲಾಂದ್ರ ಅಣ್ತಮ್ಮರು ಬಡದಾಡ್ತಾರ," ಎಂದ ಅಪ್ಪ, ದೂರದಿಂದಲೇ.

ಮಾಯಕ್ಕ ದೊಡ್ಡಿಗಳನ್ನು ನೋಡಿದಳು, ವಹಿ ನೋಡಿದಳು, ಆಮೇಲೆ ನನ್ನನ್ನು. "ಇಷ್ಟೇ ಇದ್ರ ಎರಡ ವರ್ಸ ಯಾಕ ಹೇಳಲಿಲ್ರಿ ಸರ್?"

ಪ್ರತಿ ರವಿವಾರ ಹೋದೆ, ಪರೀಕ್ಷೆಯವರೆಗೆ. ಮಾಸ್ತರರಿಗೆ ಹೇಳಲಿಲ್ಲ, ಮತ್ತೆ ನಾಪಾಸಾದರೆ ಎಂಬ ಭಯ.

ನಿಕಾಲ ಬಂದ ದಿನ ಫೋನು ಮಾಡದೆ ಅಕ್ಕಲಕೋಟಕ್ಕೇ ಹೋದೆ. ಅವರು ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಅಂಗಳದಲ್ಲಿ ನಡೆದೂ ನಡೆದೂ ಮಣ್ಣಿನಲ್ಲಿ ಒಂದು ಹಾದಿ ಬಿದ್ದಿತ್ತು. ಪಾಸಾದಳು ಎಂದೆ. ದೊಡ್ಡಿ, ರವಿವಾರ, ಎಲ್ಲ ಹೇಳಿದೆ.

"ಎಷ್ಟ ಬಿದ್ದಾವ?"

"ಮೂವತ್ತೇಳ್ರಿ."

"ಪಾಸಾಗಾಕ ಎಷ್ಟ ಬೇಕು?"

"ಮೂವತ್ತೈದು."

ಅವರು ನಿಲ್ಲಲಿಲ್ಲ. ನನ್ನ ಪಕ್ಕದಿಂದ ಹಾದು ಹೋಗುವಾಗ ಭುಜಕ್ಕೆ ಒಂದು ಬಡಿದು ಅಂದರು, "ಹಂಗಾರ ಮೂವತ್ತೈದ ಆಕೀವು, ಎರಡ ನಿನ್ನವು."

ಇಪ್ಪತ್ತೆರಡು ವರ್ಷದ ಮಾಸ್ತರಿಕೆಯಲ್ಲಿ ನನಗೆ ಯಾರಾದರೂ ಕೊಟ್ಟ ಅಂಕ ಅವೆರಡೇ. ಕೈ ಸಡಿಲ ಬಿಟ್ಟು ಕೊಟ್ಟರೇನೋ ಎಂಬ ಅಳುಕು ಈಗಲೂ ಇದೆ. ಮತ್ತೊಮ್ಮೆ ಎಣಿಸಿ ನೋಡಿ ಎಂದು ಕೇಳಲು ಅವರಿಲ್ಲ.